ಬೀಗರು ಕೊಟ್ಟ ಲಿಫ್ಟು

ರಾಣೇಬೆನ್ನೂರಿನಲ್ಲಿ ಫಕ್ಕೀರಪ್ಪ ಎಂಬ ಬೈಕ್ ಮೆಕ್ಯಾನಿಕ್ ಇದ್ದ. ಅವನಿಗೆ ಪೇಟೆಯಲ್ಲಿ ಅಂಗಡಿ ಇರಲಿಲ್ಲ. ಮನೆಯ ಮುಂದಿನ ತಗಡಿನ ಚಪ್ಪರವೇ ಅವನ ವರ್ಕ್‌ಶಾಪು. ಮೂವತ್ತು ವರ್ಷ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಊರಿನ ಅರ್ಧ ಬೈಕುಗಳನ್ನು ಬಿಚ್ಚಿ ಜೋಡಿಸಿದ್ದ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಮನುಷ್ಯ. ತನ್ನ ಮಂಡಿಯ ಸದ್ದು ಮಾತ್ರ ಅವನಿಗೆ ಬಹಳ ದಿನ ಕೇಳಿಸಲಿಲ್ಲ. ಒಂದು ಬೆಳಿಗ್ಗೆ ಕೂತವನಿಗೆ ಏಳಲಾಗಲಿಲ್ಲ. ಹೆಂಡತಿ ದ್ಯಾಮವ್ವ ಒಂದು ರಟ್ಟೆ, ಬೈಕ್ ತಂದ ಗಿರಾಕಿ ಒಂದು ರಟ್ಟೆ ಹಿಡಿದು ಎತ್ತಬೇಕಾಯಿತು.

ಡಾಕ್ಟರು ಮಂಡಿ ಒತ್ತಿ ನೋಡಿ ಹೇಳಿದರು: “ಇಷ್ಟು ವರ್ಷ ನೀವು ಬೈಕಿಗೆ ಬಗ್ಗೀರಿ. ಇನ್ನ ಮ್ಯಾಲೆ ಬೈಕೇ ನಿಮ್ಮ ಎತ್ತರಕ್ಕ ಏರಿ ಬರ್ಲಿ. ಇಲ್ಲಾಂದ್ರ ಕೆಲಸ ಬಿಡ್ರಿ.”

ಕೆಲಸ ಬಿಟ್ಟರೆ ಫಕ್ಕೀರಪ್ಪನಿಗೆ ಬೇರೆ ಏನೂ ಬರುತ್ತಿರಲಿಲ್ಲ. ಹಾಗಾಗಿ ಅವನು ಹುಬ್ಬಳ್ಳಿಗೆ ಹೋಗಿ ಬೈಕ್ ಎತ್ತುವ ಲಿಫ್ಟುಗಳನ್ನು ನೋಡಿದ. ಲಿಫ್ಟ್ ಎಂದರೆ ದೊಡ್ಡ ಯಂತ್ರವೇನೂ ಅಲ್ಲ. ಕಬ್ಬಿಣದ ಉದ್ದನೆಯ ಹಲಗೆ, ಅದರ ಅಡಿಯಲ್ಲಿ ಕತ್ತರಿಯಂತೆ ಮಡಚುವ ಕಾಲುಗಳು, ನಡುವೆ ಎಣ್ಣೆ ತುಂಬಿದ ಒಂದು ಜಾಕ್. ಪೆಡಲ್ ತುಳಿದರೆ ಹಲಗೆ ಬೈಕಿನ ಸಮೇತ ಸೊಂಟದವರೆಗೆ ಏರುತ್ತದೆ.

ಅಂಗಡಿಯವನು ಎಷ್ಟು ಭಾರ ಎತ್ತುತ್ತದೆ, ಎಷ್ಟು ಬೇಗ ಎತ್ತುತ್ತದೆ ಎಂದು ಹೇಳುತ್ತಲೇ ಹೋದ. ಫಕ್ಕೀರಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

“ಜಾಕಿನ ಎಣ್ಣಿ ಸೋರಿದ್ರ ಹಲಗೀನ ಏನು ಹಿಡಿದು ನಿಲ್ಲಸ್ತೈತಿ?”

ಅಂಗಡಿಯವನು ಒಂದು ಲಿಫ್ಟಿನ ಕಾಲಿಗೆ ಜೋಡಿಸಿದ್ದ ಹಲ್ಲುಹಲ್ಲಿನ ಕಂಬಿಯನ್ನು ತೋರಿಸಿದ. ಹಲಗೆ ಏರಿದಂತೆ ಕಂಬಿ ಒಂದೊಂದು ಹಲ್ಲಿಗೂ ಟಕ್ ಟಕ್ ಎಂದು ಕೂರುತ್ತಿತ್ತು. ಆ ಲಾಕ್ ಇದ್ದರೆ ಜಾಕ್ ಕೈಕೊಟ್ಟರೂ ಹಲಗೆ ಬೀಳುವುದಿಲ್ಲ. ಫಕ್ಕೀರಪ್ಪನ ಮನಸ್ಸಿಗೆ ಬಂತು. ವಾರ ಬಿಟ್ಟು ಬಂದು ಒಯ್ಯುತ್ತೇನೆ ಎಂದು ಹೇಳಿ ಬಂದ.

ಆಯ್ಕೆ ಸರಿಯಾಗಿತ್ತು. ಕಥೆ ಇಲ್ಲೇ ಮುಗಿಯಬೇಕಿತ್ತು. ಆದರೆ ಅವನು ಸಂತೋಷ ತಡೆಯಲಾರದೆ ಮಗಳಿಗೆ ಫೋನ್ ಮಾಡಿದ.

ಮಗಳು ರೇಣುಕಾಳನ್ನು ನಾಲ್ಕು ತಿಂಗಳ ಹಿಂದಷ್ಟೇ ಹರಿಹರಕ್ಕೆ ಕೊಟ್ಟಿದ್ದರು. ಅವಳ ಮಾವ ಹಾಲಪ್ಪನಿಗೆ ಅಲ್ಲಿ ದೊಡ್ಡ ವೆಲ್ಡಿಂಗ್ ಶೆಡ್ಡು. ಗೇಟು, ಕಿಟಕಿ, ಟ್ರ್ಯಾಕ್ಟರ್ ಟ್ರೇಲರು ಎಲ್ಲ ಮಾಡುವವನು. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಕೈ. ಸೊಸೆಯ ಬಾಯಲ್ಲಿ ಲಿಫ್ಟಿನ ಸುದ್ದಿ ಕೇಳಿದ್ದೇ ತಡ, ಫಕ್ಕೀರಪ್ಪನಿಗೆ ಫೋನ್ ಬಂತು.

“ಏನ್ರಿ ಬೀಗರ, ನಾ ಇದ್ದೀನೋ ಸತ್ತೀನೋ? ಮನ್ಯಾಗ ವೆಲ್ಡಿಂಗ್ ಮಾಡೋ ಬೀಗ ಇದ್ದಾಗ ಲಿಫ್ಟ್ ಅಂಗಡಿಯಿಂದ ತರ್ತೀರೇನು? ಸುಮ್ನ ಕುಂಡ್ರಿ. ನಾ ಮಾಡಿ ಕಳಸ್ತೀನಿ.”

ಕಳಿಸಲಿಲ್ಲ, ತಾನೇ ತಂದ. ಹದಿನೈದನೇ ದಿನ ಗೂಡ್ಸ್ ಗಾಡಿಯಲ್ಲಿ ಹಸಿರು ಬಣ್ಣ ಬಳಿದ ಲಿಫ್ಟ್ ಬಂತು. ಮುಂದೆ ಚೆಂಡು ಹೂವಿನ ಹಾರ. ಹಲಗೆಯ ಅಂಚಿಗೆ ಬಿಳಿ ಅಕ್ಷರದಲ್ಲಿ ‘ಫಕ್ಕೀರಪ್ಪ ಗ್ಯಾರೇಜ್’ ಎಂದು ಬರೆಸಿದ್ದ. ಓಣಿಯವರೆಲ್ಲ ನೆರೆದರು. ಹಾಲಪ್ಪ ಒಂದು ಬೈಕನ್ನು ಏರಿಸಿ, ಅದರ ಮೇಲೆ ತಾನೂ ಕೂತು, ಪೆಡಲ್ ತುಳಿಸಿಕೊಂಡು ಮೇಲೆ ಹೋದ. ಜನ ಚಪ್ಪಾಳೆ ತಟ್ಟಿದರು.

ಫಕ್ಕೀರಪ್ಪ ಬಗ್ಗಿ ಹಲಗೆಯ ಅಡಿಗೆ ಕಣ್ಣು ಹಾಯಿಸಿದ. ಹಲ್ಲಿನ ಕಂಬಿ ಇರಲಿಲ್ಲ. ಯಾವ ಲಾಕೂ ಇರಲಿಲ್ಲ. ಬೈಕು, ಬೀಗರು, ಕಬ್ಬಿಣ ಎಲ್ಲವನ್ನೂ ಹಿಡಿದಿದ್ದುದು ಜಾಕ್ ಒಂದೇ. ಅದರ ಬುಡದಲ್ಲಿ ಆಗಲೇ ಒಂದು ಹನಿ ಎಣ್ಣೆ ಮಿನುಗುತ್ತಿತ್ತು. ಹಾಲಪ್ಪನ ತಪ್ಪು ಎನ್ನುವಂತಿರಲಿಲ್ಲ. ಅವನು ಕಬ್ಬಿಣದ ಸಾಮಾನು ಮಾಡಿ ಗೊತ್ತಿದ್ದವನೇ ಹೊರತು, ಎತ್ತಿದ್ದರ ಅಡಿಯಲ್ಲಿ ಕೈಯಿಟ್ಟು ಕೆಲಸ ಮಾಡಿದವನಲ್ಲ.

“ಹೆಂಗೈತ್ರಿ ಬೀಗರ?” ಮೇಲಿನಿಂದ ಹಾಲಪ್ಪ ಕೇಳಿದ.

ಮಾತು ಫಕ್ಕೀರಪ್ಪನ ನಾಲಿಗೆಯ ತುದಿಗೆ ಬಂತು. ಅವನು ಬಾಗಿಲ ಕಡೆ ನೋಡಿದ. ಗಂಡನ ಮುಖ ಓದಿದ ದ್ಯಾಮವ್ವ ಕಣ್ಣಲ್ಲೇ ಬೇಡ ಎಂದಳು.

“ಭಾಳ ಛಲೋ ಐತ್ರಿ,” ಎಂದ ಫಕ್ಕೀರಪ್ಪ.

ಬೀಗರು ಉಂಡು ಹೋದ ಮೇಲೆ ಅವನು ಹೆಂಡತಿಗೆ ಲಾಕಿನ ವಿಷಯ ಹೇಳಿದ. ಅವಳು ಗದರಿದಳು: “ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳ ಹಾಕಿದ್ರಂತ. ಅಷ್ಟು ಪ್ರೀತಿಲೆ ಮಾಡಿ ತಂದಾರ. ಹುಳುಕು ಹೇಳಿದ್ರ ಆ ಮನ್ಯಾಗ ನನ್ನ ಮಗಳ ಮುಖ ಏನಾಗಬೇಕ್ರಿ? ಹೊಸ ಸೊಸಿ ಅಕಿ.”

ಫಕ್ಕೀರಪ್ಪ ಲಾಕಿನ ಮಾತು ಅಲ್ಲಿಗೇ ಬಿಟ್ಟ. ನಗಬೇಡಿ. ಬೀಗರ ಮನೆಯ ಹುಗ್ಗಿಗೆ ಬೆಲ್ಲವೇ ಬಿದ್ದಿಲ್ಲದಿದ್ದರೂ ‘ಅಮೃತ’ ಎಂದು ಎರಡನೇ ಸಲ ಹಾಕಿಸಿಕೊಂಡವರೇ ನಾವೆಲ್ಲ. ಆದರೆ ಹುಗ್ಗಿ ತಲೆಯ ಮೇಲೆ ಬೀಳುವುದಿಲ್ಲ. ಲಿಫ್ಟು ಬೀಳುತ್ತದೆ.

ಮರುದಿನದಿಂದ ಅವನು ಒಂದು ಉಪಾಯ ಮಾಡಿದ. ಹುಣಸೆ ಮರದ ನಾಲ್ಕು ಕೊರಡು ತಂದು, ಬೈಕ್ ಏರಿಸಿದ ಕೂಡಲೇ ಹಲಗೆಯ ಅಡಿಗೆ ಒಟ್ಟುತ್ತಿದ್ದ. ಆಮೇಲೆ ಕೈಯಿಡುತ್ತಿದ್ದ. ಜಾಕ್ ಇಳಿಯುವುದು ನಿಂತಿರಲಿಲ್ಲ. ಒಂದು ಚಕ್ರ ಬಿಚ್ಚಿ ಹಾಕುವಷ್ಟರಲ್ಲಿ ಹಲಗೆ ಎರಡು ಬೆರಳು ಕೆಳಗೆ ಬಂದು ಕೊರಡಿನ ಮೇಲೆ ಕೂರುತ್ತಿತ್ತು. ಹಾಲಪ್ಪ ಬರುತ್ತಾನೆ ಎಂದು ಫೋನ್ ಬಂದರೆ ಸಾಕು, ಗಂಡಹೆಂಡತಿ ಇಬ್ಬರೂ ಸೇರಿ ಕೊರಡುಗಳನ್ನು ಹಿತ್ತಲಿಗೆ ಸಾಗಿಸುತ್ತಿದ್ದರು. ಬೀಗರು ಬಂದು ಲಿಫ್ಟ್ ತಟ್ಟಿ ನೋಡಿ, ಚಹಾ ಕುಡಿದು, “ಏನೂ ತೊಂದರಿ ಇಲ್ಲಲ್ರಿ?” ಎಂದು ಕೇಳುವರು. “ಏನೂ ಇಲ್ಲರಿ,” ಎಂದು ಫಕ್ಕೀರಪ್ಪ ಹೇಳುವನು. ಹೀಗೆ ಆರು ತಿಂಗಳು ನಡೆಯಿತು. ತೊಂದರೆ ನನಗೊಬ್ಬನಿಗೆ ತಾನೇ, ಇರಲಿ ಎಂದು ಅವನು ಸಮಾಧಾನ ಮಾಡಿಕೊಂಡಿದ್ದ.

ಒಂದು ಬುಧವಾರ ಹಾಲಪ್ಪ ಪೇಢೆಯ ಡಬ್ಬಿ ಹಿಡಿದು ಬಂದ. ಜೊತೆಯಲ್ಲಿ ಬ್ಯಾಡಗಿಯ ಮಾಬೂಸಾಬ ಎಂಬ ಮೆಕ್ಯಾನಿಕ್ ಇದ್ದ.

“ಬೀಗರ, ಬಾಯಿ ಸಿಹಿ ಮಾಡ್ಕೊಳ್ರಿ. ನಿಮ್ಮ ಲಿಫ್ಟಿನ ಸುದ್ದಿ ಕೇಳಿ ಮೂರು ಮಂದಿ ಆರ್ಡರ್ ಕೊಟ್ಟಾರ. ಮೂರೂ ಮಾಡಿ ಇಟ್ಟೀನಿ. ಇವ್ರು ನಾಳೆ ಒಯ್ಯೋರು. ಒಮ್ಮೆ ಕಣ್ಣಿಲೆ ನೋಡ್ಬೇಕಂದ್ರು. ನಾನು ಎಲ್ಲಾರಿಗೂ ಹೇಳೋದು ಒಂದ ಮಾತು. ನಮ್ಮ ಬೀಗರು ಮೂವತ್ತು ವರ್ಷದ ಮೇಸ್ತ್ರಿ. ಆರು ತಿಂಗಳಿಂದ ದಿನಾ ಅದರ ಅಡಿಗೆ ಕೈ ಹಾಕ್ತಾರ. ಒಂದ ಒಂದು ಹುಳುಕು ಹೇಳಿಲ್ಲ.”

ಫಕ್ಕೀರಪ್ಪನ ಕೈಯಲ್ಲಿದ್ದ ಪೇಢೆ ಬಾಯಿಗೆ ಹೋಗಲಿಲ್ಲ. ಚಪ್ಪರದಲ್ಲಿ ಒಂದು ಭಾರಿ ಬೈಕ್ ಲಿಫ್ಟಿನ ಮೇಲೇ ಇತ್ತು. ಬೀಗರು ಬರುತ್ತಾರೆಂದು ಕೊರಡು ತೆಗೆದಾಗಿತ್ತು. ಮಾಬೂಸಾಬ ತಿಳಿದ ಕೆಲಸಗಾರ. ಮೇಲಿನಿಂದ ನೋಡಿ ಒಪ್ಪುವವನಲ್ಲ. ಅವನು ನೆಲಕ್ಕೆ ಮಂಡಿಯೂರಿ, ಜಾಕ್ ನೋಡಲೆಂದು ಹಲಗೆಯ ಅಡಿಗೆ ತಲೆ ಹಾಕಿದ. ಅಲ್ಲಿಂದಲೇ ಕೇಳಿದ:

“ಅಣ್ಣಾರ, ನೀವು ಹೇಳಿದ್ರ ಮುಗೀತು. ನಂಬಿ ಒಯ್ಯಬಹುದಲ್ರಿ?”

ಇಷ್ಟು ದಿನ ಫಕ್ಕೀರಪ್ಪ ಇಟ್ಟ ಕೊರಡು ಅವನೊಬ್ಬನ ಕೈಯನ್ನು ಕಾಪಾಡಿತ್ತು. ಅವನು ಆಡಿದ ‘ಛಲೋ ಐತ್ರಿ’ ಮಾತ್ರ ಊರೂರು ತಿರುಗಿ, ಈಗ ಇನ್ನೊಬ್ಬನ ತಲೆಯನ್ನು ಲಿಫ್ಟಿನ ಅಡಿಗೆ ತಂದು ಇಟ್ಟಿತ್ತು. ಬ್ಯಾಡಗಿಯಲ್ಲಿ ಕೊರಡು ಇಡುವವರು ಯಾರು?

“ಮಾಬೂಸಾಬ, ಮೊದ್ಲ ಹೊರಗ ಬಾ,” ಎಂದವನೇ ಅವನ ಭುಜ ಹಿಡಿದು ಎಳೆದ. ಕುಂಟುತ್ತ ಹಿತ್ತಲಿಗೆ ಹೋಗಿ ಕೊರಡುಗಳನ್ನು ಒಂದೊಂದಾಗಿ ತಂದು ಹಲಗೆಯ ಅಡಿಗೆ ಒಟ್ಟಿದ. ಕೆಲಸ ಮುಗಿಸಿ ಬೀಗರ ಕಡೆ ತಿರುಗಿದ.

“ಇದಕ್ಕ ಲಾಕ್ ಇಲ್ಲರಿ ಬೀಗರ. ಜಾಕ್ ಸೋರ್ತೈತಿ. ನಾನು ದಿನಾ ಈ ಕೊರಡು ಇಟ್ಟ ಕೈ ಹಾಕೋದು.”

“ಎಂದಿನಿಂದ?”

“ಮೊದಲನೇ ದಿನದಿಂದ.”

ಹಾಲಪ್ಪನ ಮುಖ ಕಪ್ಪಿಟ್ಟಿತು. “ಆರು ತಿಂಗಳು ಬಾಯಾಗ ಇಟ್ಕೊಂಡು, ಹೊರಗಿನವರ ಮುಂದ ನನ್ನ ಮಾನ ಕಳೀಬೇಕಂತ ಕಾಯ್ದಿದ್ರೇನು?” ಎಂದ. ದ್ಯಾಮವ್ವ ತಂದ ಚಹಾ ಮುಟ್ಟದೆ ಎದ್ದು ಹೋದ. ಮಾಬೂಸಾಬ ಫಕ್ಕೀರಪ್ಪನ ಕೈಯನ್ನು ಒಮ್ಮೆ ಒತ್ತಿ, ಹಾಲಪ್ಪನ ಹಿಂದೆಯೇ ಹೋದ.

ಎರಡು ದಿನ ಫೋನಿಲ್ಲ. ಮೂರನೇ ದಿನ ಮಗಳು ಮಾಡಿದಳು. “ಅಪ್ಪಾ, ಮಾವಾರು ಸರಿಯಾಗಿ ಉಣ್ಣವಲ್ರು. ನನ್ನ ಕೂಡ ಮಾತೂ ಆಡವಲ್ರು. ಏನಾತು?”

ದ್ಯಾಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೋಗಿ ತಪ್ಪಾತು ಅನ್ರಿ,” ಎಂದಳು. ತಪ್ಪಾಯಿತು ಎನ್ನಲು ಫಕ್ಕೀರಪ್ಪನಿಗೆ ಅಭ್ಯಂತರವಿರಲಿಲ್ಲ. ಆದರೆ ಯಾವುದಕ್ಕೆ? ನಿಜ ಹೇಳಿದ್ದಕ್ಕಂತೂ ಅಲ್ಲ. ಬೀಗರು ಪ್ರತಿ ಸಲ ಬಂದು ‘ತೊಂದರಿ ಇಲ್ಲಲ್ರಿ’ ಎಂದು ಕೇಳಿದ್ದರು. ಕೇಳಿದಷ್ಟು ಸಲವೂ ಸುಳ್ಳು ಹೇಳಿ ಕಳಿಸಿದ್ದ. ಅದು ನೆನಪಾಗಿ ಅವನಿಗೆ ನಿಜವಾಗಿ ನಾಚಿಕೆಯಾಯಿತು. ಭಾನುವಾರ ಮೊದಲ ಬಸ್ಸಿಗೆ ಹರಿಹರಕ್ಕೆ ಹೊರಡುವುದೆಂದು ತೀರ್ಮಾನಿಸಿದ.

ಅವನು ಭಾನುವಾರ ಚಪ್ಪಲಿ ಮೆಟ್ಟುವಷ್ಟರಲ್ಲಿ ಮನೆಯ ಮುಂದೆ ಗೂಡ್ಸ್ ಗಾಡಿ ಬಂದು ನಿಂತಿತು. ಹಾಲಪ್ಪ ವೆಲ್ಡಿಂಗ್ ಸೆಟ್ ಇಳಿಸಿದ. ಹಳೆಯ ಜಾಕ್ ಕಿತ್ತು ಹೊಸದು ಕೂರಿಸಿದ. ಎರಡು ಪಕ್ಕಕ್ಕೂ ಹಲ್ಲು ಕೊರೆದ ದಪ್ಪ ಕಂಬಿ ಜೋಡಿಸಿದ. ಮಧ್ಯಾಹ್ನ ಊಟಕ್ಕೆ ಕರೆದರೂ ಏಳಲಿಲ್ಲ. ಫಕ್ಕೀರಪ್ಪ ಪಕ್ಕದಲ್ಲಿ ನಿಂತು ಬೇಕಾದ ಸ್ಪ್ಯಾನರು ಕೊಡುತ್ತ ಹೋದ.

ಎಲ್ಲ ಮುಗಿದ ಮೇಲೆ ಬೈಕ್ ಏರಿಸಿದರು. ಕಂಬಿ ಹಲ್ಲಿಗೆ ಕೂತಿತು. ಹಾಲಪ್ಪ ಹಲಗೆಯ ಅಡಿಗೆ ಎರಡೂ ಕೈ ಚಾಚಿ, “ಜಾಕ್ ಬಿಡ್ರಿ,” ಎಂದ.

“ಬೀಗರ, ಮೊದ್ಲ ಕೈ...”

“ಬಿಡ್ರಿ ಅಂದ್ರ ಬಿಡ್ರಿ.”

ಫಕ್ಕೀರಪ್ಪ ಕಣ್ಣು ಮುಚ್ಚಿ ಜಾಕಿನ ತಿರುಪು ಸಡಿಲಿಸಿದ. ಹಲಗೆ ಒಂದು ನೂಲಿನಷ್ಟೂ ಅಲುಗಲಿಲ್ಲ.

ಹಾಲಪ್ಪ ಎದ್ದು ಕೈ ಒರೆಸಿಕೊಂಡ. ಈಗ ಅವನ ದೊಡ್ಡ ಗಂಟಲು ಸಣ್ಣದಾಗಿತ್ತು. “ಉಳಿದ ಮೂರಕ್ಕೂ ಲಾಕ್ ಹಾಕಿ ಬಂದೀನಿ. ಮಾಬೂಸಾಬ ಲಾಕ್ ನೋಡೇ ಒಯ್ದ. ಲಾಕ್ ಮರ್ತಿದ್ದು ನಂದು ತಪ್ಪು. ಮೊದಲನೇ ದಿನ ಅಂದಿದ್ರ ಅರ್ಧ ದಿನದ ಕೆಲಸ. ಬೀಗರ, ಮಗಳನ್ನ ನಮ್ಮ ಮನಿಗೆ ಕೊಟ್ಟೀರಿ, ಖರೆ. ನಾಲಿಗೀನೂ ಕೊಟ್ಟೀರೇನು?”

ಫಕ್ಕೀರಪ್ಪನ ಕಣ್ಣು ತುಂಬಿ ಬಂತು. “ತಪ್ಪಾತು ಬೀಗರ,” ಎಂದು ಕೈ ಮುಗಿದ. ಹಾಲಪ್ಪ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ. ದ್ಯಾಮವ್ವ ಒಳಗೆ ಓಡಿ ಹೋಗಿ ಎಲೆ ಹಾಕಿದಳು.

ಕೈ ತೊಳೆಯಲು ಹೊರಟ ಬೀಗರನ್ನು ಫಕ್ಕೀರಪ್ಪ ಮತ್ತೆ ಕರೆದ.

“ಇನ್ನೊಂದು ಐತ್ರಿ. ಪೆಡಲ್ ಬಲಗಡೆ ಐತಿ. ನನಗ ನೋವಿರೋದು ಬಲಮಂಡಿ.”

ಹಾಲಪ್ಪ ಅವನನ್ನೇ ದಿಟ್ಟಿಸಿ ನೋಡಿದ. ಆಮೇಲೆ ಓಣಿಗೆಲ್ಲ ಕೇಳುವಂತೆ ನಕ್ಕ.

“ಹಾಂ, ಹಿಂಗ ಹೇಳ್ರಿ! ಊಟ ಆಮ್ಯಾಲೆ. ಸೆಟ್ ಇನ್ನಾ ಬಿಸಿ ಐತಿ.”

ನೀತಿ: ದಾಕ್ಷಿಣ್ಯಕ್ಕೆ ಮುಚ್ಚಿಟ್ಟ ದೋಷ ನಮ್ಮೊಬ್ಬರ ತಲೆಯ ಮೇಲೆ ಮಾತ್ರ ತೂಗುವುದಿಲ್ಲ. ನಮ್ಮ ಮೌನವನ್ನೇ ಭರವಸೆ ಎಂದು ನಂಬಿದ ಇನ್ನೊಬ್ಬರ ತಲೆಯೂ ಅದರ ಅಡಿಯಲ್ಲಿರುತ್ತದೆ. ನಮ್ಮವರ ತಪ್ಪನ್ನು ನಮ್ಮವರಿಗೆ ಮೊದಲ ದಿನವೇ ಮೆಲ್ಲಗೆ ಹೇಳಬೇಕು. ಅಷ್ಟು ಮಾತು ತಡೆಯದ ಸಂಬಂಧ, ಲಾಕ್ ಇಲ್ಲದ ಲಿಫ್ಟಿನಷ್ಟೇ ಗಟ್ಟಿ.