ಎರಡು ಕಡೆಯೂ ಒಂದೇ ಸಹಿ

"ಮೂರು ದಿನದ ಮಾತಿಗೆ ಮನೆಮಂದಿಯನ್ನೆಲ್ಲ ಯಾಕೆ ಹೊರಡಿಸಬೇಕು ಬುದ್ಧಿ? ಒಬ್ಬನೇ ಹೋಗಿ ಒಬ್ಬನೇ ಬಂದರೆ ತಪ್ಪೇನು?"

ಕೇಳಿದವನು ಶಾಂತಮಲ್ಲಪ್ಪ. ಮಠಕ್ಕೆ ಬಂದವರ ಊಟ, ಹಾಸಿಗೆ, ಬಿಸಿನೀರು ನೋಡಿಕೊಳ್ಳುವುದು ಇಪ್ಪತ್ತು ವರ್ಷದಿಂದ ಅವನ ಕೆಲಸ. ಮಠದಲ್ಲೂ ಮನೆಯಲ್ಲೂ ಎಲ್ಲರಿಗೂ ಬಡಿಸಿ, ಕಡೆಗೆ ತಾನೇ ಬಡಿಸಿಕೊಂಡು ಉಣ್ಣುವವನು. ಪ್ರಾಸ್ಟೇಟ್ ಗ್ರಂಥಿ ಊದಿ ಅವನಿಗೆ ಮೂತ್ರ ಕಟ್ಟುತ್ತಿತ್ತು. ನಾಳೆ ಆಪರೇಷನ್, ಇವತ್ತೇ ಆಸ್ಪತ್ರೆ ಸೇರಬೇಕು. ಮನೆಯಲ್ಲಿ ಹೆಂಡತಿ, ಮಗ, ಸೊಸೆ, ತಮ್ಮ, ತಮ್ಮನ ಮಕ್ಕಳು ಇದ್ದರು. ಅವರಲ್ಲಿ ಯಾರಿಗೂ ಹೇಳದೆ ಹೊರಟು, ಗುರುಗಳಿಗೊಂದು ಮಾತು ತಿಳಿಸಿ ಹೋಗೋಣವೆಂದು ಬಂದಿದ್ದ.

ಗುರುಗಳ ಕಣ್ಣು ಅವನ ಚೀಲದ ಮೇಲಿತ್ತು. "ಏನೇನು ತುಂಬಿಕೊಂಡಿದ್ದೀಯ? ತೆಗೆದು ತೋರಿಸು, ನೋಡೋಣ," ಎಂದರು.

ಶಾಂತಮಲ್ಲಪ್ಪ ಒಂದೊಂದಾಗಿ ತೆಗೆದಿಟ್ಟ. ಎರಡು ಸಡಿಲವಾದ ಪಂಚೆ, ಟವೆಲು, ಲೋಟ, ಫ್ಲಾಸ್ಕು, ಜಾರದ ಚಪ್ಪಲಿ, ರಕ್ತ ಪರೀಕ್ಷೆಯ ಚೀಟಿಗಳು, ಸ್ಕ್ಯಾನಿಂಗ್ ಕವರು, ದಿನವೂ ನುಂಗುವ ಮಾತ್ರೆಗಳ ಪಟ್ಟಿ. ಗುರುಗಳು ಪಟ್ಟಿಯನ್ನು ಎತ್ತಿಕೊಂಡು ಓದಿದರು. ಚಪ್ಪಲಿಯ ಅಡಿಯನ್ನೂ ತಿರುಗಿಸಿ ನೋಡಿದರು. ಆಮೇಲೆ, "ಚೆನ್ನಾಗಿ ಕಟ್ಟಿದ್ದೀಯ. ಇಷ್ಟೇ ಚೆನ್ನಾಗಿ ಚೀಲ ಕಟ್ಟಿದ್ದವನು ಇನ್ನೊಬ್ಬನಿದ್ದ. ಕೂತುಕೋ," ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ. ಆ ಊರಿನಲ್ಲಿ ಯಾರು ಹಾಸಿಗೆ ಹಿಡಿದರೂ ಡಾಕ್ಟರಿಗಿಂತ ಮೊದಲು ಅವನಿಗೆ ಸುದ್ದಿ ಹೋಗುತ್ತಿತ್ತು. ಅವನ ಮನೆಯ ಬಾಗಿಲ ಹಿಂದೆ ಆಸ್ಪತ್ರೆಯ ಚೀಲವೊಂದು ಸದಾ ಸಿದ್ಧವಾಗಿರುತ್ತಿತ್ತು. ಯಾವ ಕಿಟಕಿಯಲ್ಲಿ ಚೀಟಿ ಬರೆಸಬೇಕು, ಬಿಸಿನೀರು ಎಲ್ಲಿ ಸಿಗುತ್ತದೆ, ಯಾವ ಡಾಕ್ಟರ ಮುಂದೆ ಎಷ್ಟು ಮಾತಾಡಬೇಕು, ಎಲ್ಲ ಅವನಿಗೆ ಬಾಯಿಪಾಠ. ರೋಗಿಯ ಪಕ್ಕ ಕೂರುತ್ತಿದ್ದ, ಮೈ ಒರೆಸುತ್ತಿದ್ದ, ಮಲಮೂತ್ರ ಎತ್ತುವುದಕ್ಕೂ ಮುಖ ಸಿಂಡರಿಸುತ್ತಿರಲಿಲ್ಲ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅವನಿಗೊಂದು ಹಟವಿತ್ತು. ಯಾರಿಂದಲೂ ಏನನ್ನೂ ಸುಮ್ಮನೆ ತೆಗೆದುಕೊಳ್ಳುತ್ತಿರಲಿಲ್ಲ. ರೋಗಿಯ ಮನೆಯವರು ಕಾಫಿ ತಂದರೆ ತನ್ನ ಫ್ಲಾಸ್ಕು ತೋರಿಸುತ್ತಿದ್ದ. ವಾಸಿಯಾದವರು ಪಾಯಸ ಕಳಿಸಿದರೆ, ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಕಡೆಯ ಪದ್ಧತಿ ತಾನೇ? ಬೇರೆಯವರು ನಾಲ್ಕು ದಿನ ಬಿಟ್ಟು ಎರಡು ಬಾಳೆಹಣ್ಣು ಇಟ್ಟು ಕಳಿಸುತ್ತಾರೆ. ಇವನು ಅವತ್ತೇ, ಪಾಯಸದ ಬಿಸಿ ಆರುವ ಮೊದಲೇ, ಪಾತ್ರೆ ತುಂಬ ಬೆಲ್ಲದ ಅಚ್ಚು ಇಟ್ಟು ಕಳಿಸಿಬಿಡುತ್ತಿದ್ದ. ಒಂದು ಹೊತ್ತು ತಡೆಯುವುದಕ್ಕೂ ಅವನಿಂದ ಆಗುತ್ತಿರಲಿಲ್ಲ.

ಅರವತ್ತು ದಾಟಿದ ಮೇಲೆ ಅವನಿಗೂ ನಿನ್ನದೇ ತೊಂದರೆ ಬಂತು. ನೆಲ್ಲಿಕಾಯಿಯಷ್ಟಿರಬೇಕಾದ ಗ್ರಂಥಿ ನಿಂಬೆಹಣ್ಣಿನಷ್ಟಾಗಿ ದಾರಿಗೆ ಅಡ್ಡ ಕೂತಿದೆ, ಒಳಗಿನಿಂದಲೇ ಕೆರೆದು ತೆಗೆಯಬೇಕು, ಮೂರು ದಿನ ಸಾಕು ಎಂದರು ಡಾಕ್ಟರು. ವ್ಯಾಪಾರಿ ಹೆದರಲಿಲ್ಲ. ಬೆಲ್ಲದ ಅಚ್ಚನ್ನು ಒಡೆದು ನೋಡದೆ ಕೊಂಡವನಲ್ಲ ಅವನು. ಕೊಳವೆ ಎಷ್ಟು ದಪ್ಪ, ಎಷ್ಟು ದಿನ ಇರುತ್ತದೆ, ಚೀಲಕ್ಕೆ ಇಳಿಯುವ ಮೂತ್ರ ಮೊದಲು ಯಾವ ಬಣ್ಣ, ಆಮೇಲೆ ಯಾವ ಬಣ್ಣ ಎಂದು ಬಿಡದೆ ಕೇಳಿದ. ಡಾಕ್ಟರು ನಗುತ್ತಲೇ ಎಲ್ಲ ಹೇಳಿದರು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಅವರು ಹೇಳಿದ ದಿನವೇ ನಿಲ್ಲಿಸಿದ. ಆಪರೇಷನ್ ದಿನ ಒಂದು ತೊಟ್ಟು ನೀರನ್ನೂ ಕುಡಿಯದೆ ಹೊರಟ.

ಹೊರಡುವಾಗ ಹೆಂಡತಿ ಕೇಳಿದಳು. "ಈ ಸಲ ಯಾರ್ ಜೊತೆಗೆ?"

"ನಿಂಗೆ ಗೊತ್ತಿಲ್ಲ ಬುಡು. ಮೂರ್ ದಿನಕ್ಕೆ ಬತ್ತೀನಿ," ಎಂದ. ಸುಳ್ಳು ಹೇಳಿದೆನೆಂದು ಅವನಿಗೆ ಅನಿಸಲೂ ಇಲ್ಲ.

ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಕೊಟ್ಟರು. ಕೆಳಗೆ ಎರಡು ಸಾಲು. ಒಂದು ರೋಗಿಯ ಸಹಿಗೆ, ಇನ್ನೊಂದು ಜೊತೆಗಿರುವವರ ಸಹಿಗೆ. ವ್ಯಾಪಾರಿ ಎರಡು ಕಡೆಯೂ ಸಹಿ ಮಾಡಿ ಕೊಟ್ಟ. ಎರಡನೆಯ ಸಾಲಿಗೆ ಸಹಿ ಹಾಕಿ ಹಾಕಿ ಅವನ ಕೈ ಪಳಗಿತ್ತು.

ನರ್ಸಮ್ಮ ಪತ್ರ ನೋಡಿದಳು, ಅವನ ಮುಖ ನೋಡಿದಳು. "ಏನ್ ಯಜಮಾನ್ರೇ ಇದು? ಬೆನ್ನಿಗೆ ಸೂಜಿ ಕೊಟ್ರೆ ಸಂಜೆವರ್ಗೂ ನಿಮ್ ಕಾಲು ನಿಮ್ ಮಾತು ಕೇಳಲ್ಲ. ನಿಮ್ಮನ್ನ ನೋಡ್ಕೊಳ್ಳೋಕೆ ನೀವೇ ಎದ್ ಬರ್ತೀರಾ? ಹನ್ನೊಂದ್ ಗಂಟೆ ಒಳ್ಗೆ ಯಾರನ್ನಾದ್ರೂ ಕರೆಸಿ. ಇಲ್ದಿದ್ರೆ ಇವತ್ತು ಆಗಲ್ಲ," ಎಂದಳು.

ಮುಂದಿನ ಸರದಿ ತಿಂಗಳ ಮೇಲೆ. ಅಷ್ಟರಲ್ಲಿ ಮೂತ್ರ ಪೂರ್ತಿ ಕಟ್ಟಿಕೊಂಡರೆ ಕಿಡ್ನಿಗೇ ಪೆಟ್ಟು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ವ್ಯಾಪಾರಿ ಬೆಂಚಿನ ಮೇಲೆ ಕೂತು ಫೋನು ತೆಗೆದ. ತಾನು ಆರೈಕೆ ಮಾಡಿದವರ ಹೆಸರೇ ಮೂವತ್ತು ನಲವತ್ತು ಇದ್ದವು. ಒಂದು ಹೆಸರಿನ ಮೇಲೆ ಬೆರಳಿಡುವನು, ತೆಗೆಯುವನು. ಇವನಿಗೆ ಅಂಗಡಿಯಿದೆ, ಅವನಿಗೆ ಮಂಡಿನೋವು, ಇನ್ನೊಬ್ಬನ ಮನೆಯಲ್ಲಿ ಬಾಣಂತಿ. ಹೆಂಡತಿಯನ್ನು ಕರೆಯೋಣವೆಂದರೆ ಹೇಳಿಬಂದ ಮಾತು ಅಡ್ಡಬಂತು. ಸುಮ್ಮನೆ "ಬಾ" ಅನ್ನಬೇಕು, ಅಷ್ಟೇ. ಅದು ಬಾಯಿಗೆ ಬರಲಿಲ್ಲ. ಆಪರೇಷನ್ನಿಗೆ ಹೆದರದವನು ಫೋನನ್ನು ಮತ್ತೆ ಜೇಬಿಗಿಟ್ಟ.

ಹತ್ತೂವರೆಗೆ ಬಿ.ಪಿ. ಮಾತ್ರೆಗೆಂದು ಒಬ್ಬ ರೈತ ಅಲ್ಲಿಗೆ ಬಂದ. ಆರು ವರ್ಷದ ಹಿಂದೆ ಅವನು ಕಾಲು ಮುರಿದುಕೊಂಡಾಗ ವ್ಯಾಪಾರಿಯೇ ಹನ್ನೊಂದು ದಿನ ಪಕ್ಕದಲ್ಲಿದ್ದ. ರೈತ ವ್ಯಾಪಾರಿಯನ್ನು ಕಂಡವನೇ ಇನ್ನೊಂದು ಕಡೆ ತಿರುಗಿದ. ಎರಡು ಹೆಜ್ಜೆ ಹೋಗಿ ನಿಂತ. ಒಣಗಿದ ತುಟಿ, ಕೈಯಲ್ಲಿ ಪತ್ರ, ಪಕ್ಕದಲ್ಲಿ ರೋಗಿಯಿಲ್ಲ. ಇದೇನು ವಿಚಿತ್ರ ಎಂದು ಹಿಂದಿರುಗಿ ಬಂದು ಕೇಳಿದ. ವ್ಯಾಪಾರಿ ಪತ್ರವನ್ನು ಅವನ ಕೈಗಿಟ್ಟ.

"ನಾನ್ ಕೂರ್ತೀನಿ," ಎಂದ ರೈತ.

"ಬ್ಯಾಡ ಕಣಪ್ಪ, ನಿಂಗ್ಯಾಕೆ ತೊಂದ್ರೆ."

ರೈತನಿಗೆ ಸಿಟ್ಟು ಬಂದುಬಿಟ್ಟಿತು. "ಹನ್ನೊಂದ್ ದಿನ ನನ್ ಉಚ್ಚೆ ಎತ್ತಿದ್ರಲ್ಲ ಸಾವ್ಕಾರ್ರೆ, ನಾನ್ ಬ್ಯಾಡ ಅಂದ್ನಾ? ನಾಚ್ಕೆ ಆಗಿತ್ತು ನಂಗೆ. ಆದ್ರೂ ಕಣ್ ಮುಚ್ಕೊಂಡು ಎತ್ತಿಸ್ಕೊಂಡೆ. ಆಮೇಕೆ ಹೊಸಾ ಭತ್ತದ್ ಅಕ್ಕಿ ಒಂದ್ ಸೇರು ಕಳಿಸ್ದೆ. ಸಂಜೆ ಒಳ್ಗೆ ಅದೇ ಪಾತ್ರೇಲಿ ಬೆಲ್ಲ ತುಂಬ್ಕೊಂಡು ವಾಪಸ್ ಬಂತು. ಅವತ್ತಿಂದ ನೀವ್ ಬರೋ ಬೀದೀಲಿ ನಾನ್ ಬರಾಕಿಲ್ಲ, ಗೊತ್ತಾ? ನಿಮ್ ಮುಂದೆ ತಲೆ ಎತ್ತಾಕೆ ಆಗಾಕಿಲ್ಲ ನಂಗೆ. ಆರ್ ವರ್ಸ ನಿಮ್ ಹಂಗಿನಲ್ಲೇ ಇಟ್ರಲ್ಲ, ಸಾಲ್ದಾ? ಕೊಡಿ ಇತ್ತಾಗೆ ಪೆನ್ನ!"

ವ್ಯಾಪಾರಿಗೆ ಇದು ಹೊಸ ಸುದ್ದಿ. ತಾನು ಆರೈಕೆ ಮಾಡಿದವನೊಬ್ಬ ತನ್ನನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತಾನೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಆದರೂ ಪೆನ್ನು ಕೊಟ್ಟ. ರೈತ ಎರಡನೆಯ ಸಹಿಯನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ತನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದ.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ನೀರು ಕೊಡಬಹುದೆಂದು ನರ್ಸಮ್ಮ ಹೇಳಿದ ಮೇಲೆ ರೈತ ಚಮಚದಲ್ಲಿ ಒಂದೊಂದೇ ಗುಟುಕು ಕುಡಿಸಿದ. ಮೂತ್ರದ ಚೀಲ ತುಂಬಿದಾಗಲೆಲ್ಲ ಎತ್ತಿ ಚೆಲ್ಲಿ ಬಂದು, "ಕೆಂಪು ಕಮ್ಮಿ ಆಗ್ತಾ ಅದೆ," ಎಂದು ವರದಿ ಒಪ್ಪಿಸಿದ. ವ್ಯಾಪಾರಿ ಗೋಡೆಯ ಕಡೆ ಮುಖ ಮಾಡಿ ಅತ್ತ. ಯಾಕೆ ಅಳು ಬಂತೆಂದು ಅವನಿಗೇ ತಿಳಿಯಲಿಲ್ಲ. ಮೂರನೆಯ ದಿನ ರೈತ ಅವನ ಬಟ್ಟೆಬರೆಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಸಿಕ್ಕಿದವರನ್ನೆಲ್ಲ ಗಟ್ಟಿಯಾಗಿ ಮಾತಾಡಿಸುತ್ತ, ನಡುಬೀದಿಯಲ್ಲೇ ಅವನನ್ನು ಮನೆಗೆ ಕರೆತಂದ. ರೋಗಿ ಯಾರೆಂದು ಬಾಗಿಲಲ್ಲಿ ಕಂಡ ಹೆಂಡತಿ ಎರಡು ದಿನ ಗಂಡನೊಡನೆ ಮಾತು ಬಿಟ್ಟಳು. ಗಂಜಿ ಮಾತ್ರ ಹೊತ್ತು ಹೊತ್ತಿಗೆ ಕೊಟ್ಟಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಾಂತಮಲ್ಲಪ್ಪ ತೆಗೆದಿಟ್ಟಿದ್ದನ್ನೆಲ್ಲ ಮತ್ತೆ ಚೀಲಕ್ಕೆ ತುಂಬುತ್ತಿದ್ದ. ಕತೆ ಇನ್ನೂ ಮುಗಿದಿಲ್ಲವೆಂದು ಅವನಿಗೆ ಅನಿಸಿತು. ತನಗೂ ನಾಳೆ ಅದೇ ಆಪರೇಷನ್ನು, ತಿಳಿದುಕೊಳ್ಳಬೇಕೆಂಬ ಆಸೆ ತಡೆಯಲಾಗಲಿಲ್ಲ.

"ಆ ವ್ಯಾಪಾರಿಗೆ ಆಮೇಲೆ ಪೂರ್ತಿ ವಾಸಿಯಾಯಿತೇ ಬುದ್ಧಿ?"

"ರೈತನಿಗೆ ವಾಸಿಯಾಯಿತು. ತಲೆ ಎತ್ತಲಾಗದ ಆ ಕಾಯಿಲೆ ನಿನ್ನ ಮನೆಯಲ್ಲಿ ಯಾರ್ಯಾರಿಗಿದೆ?"