ಒಡೆದ ದಕ್ಷಿಣೆ

ನದಿ ದಂಡೆಯ ಆಶ್ರಮದಲ್ಲಿ ಬೊಮ್ಮರಸರು ಗಣಿತ ಹೇಳಿಕೊಡುತ್ತಿದ್ದರು. ಬರೆಯಲು ನದಿಯ ಮರಳೇ ಸಾಕಿತ್ತು.

ಹೊನ್ನು, ಹಸು ಯಾವುದನ್ನೂ ಅವರು ದಕ್ಷಿಣೆಯಾಗಿ ಮುಟ್ಟುತ್ತಿರಲಿಲ್ಲ. ಓದು ಮುಗಿಸಿದ ಶಿಷ್ಯ ಒಂದು ದೊಡ್ಡ ಸಂಖ್ಯೆಯನ್ನು ತಂದೊಪ್ಪಿಸಬೇಕು. ಒಂದರಿಂದ ಮತ್ತು ತನ್ನಿಂದಲ್ಲದೆ ಬೇರೆ ಯಾವುದರಿಂದಲೂ ಅದು ಶೇಷವಿಲ್ಲದೆ ಭಾಗವಾಗಬಾರದು. ಗುರುಗಳು ಒಪ್ಪಿದರೆ ಊರಿಗೆ ಹೋಗಿ ಮಕ್ಕಳಿಗೆ ಕಲಿಸಲು ಅಪ್ಪಣೆ. ಒಪ್ಪದಿದ್ದರೆ ಇನ್ನೊಂದು ವರ್ಷ ಅದೇ ಮರಳು.

ಈಚಣ್ಣನ ಸರದಿ ಬಂತು. ಅನ್ನ, ಅಕ್ಷರ ಎರಡನ್ನೂ ಈ ಗುರುವಿನ ಕೈಯಿಂದಲೇ ಪಡೆದವನು ಅವನು. ಯಾರೂ ಕೊಡದಷ್ಟು ದೊಡ್ಡದನ್ನು ಕೊಡಬೇಕೆಂದು ಮಳೆಗಾಲವೆಲ್ಲ ಭಾಗಿಸುತ್ತ ಕೂತಿದ್ದ.

ನಮಸ್ಕರಿಸಿ ಮರಳಿನ ಮೇಲೆ ಬರೆದ: ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರಾ ಹದಿನೇಳು.

ಗುರುಗಳು ಬಹಳ ಹೊತ್ತು ನೋಡಿದರು. "ಎಲ್ಲಿಯವರೆಗೆ ಭಾಗಿಸಿದೆ?"

"ಸಾವಿರದವರೆಗೆ, ಗುರುಗಳೇ. ಯಾವುದಕ್ಕೂ ಜಗ್ಗಲಿಲ್ಲ."

ಸಾವಿರ ಎಂದರೆ ಯಾರಿಗಾದರೂ ಸಾಕು ಅನ್ನಿಸುತ್ತದೆ. ಲೆಕ್ಕಕ್ಕೆ ಹಾಗೆ ಅನ್ನಿಸುವುದಿಲ್ಲ.

"ಸಾವಿರವನ್ನು ಸಾವಿರದಿಂದ ಗುಣಿಸಿದರೆ ಎಷ್ಟು?"

"ಹತ್ತು ಲಕ್ಷ."

"ನಿನ್ನದು ಅದಕ್ಕಿಂತ ದೊಡ್ಡದು. ಇನ್ನೂ ಸ್ವಲ್ಪ ನಡೆಯಬೇಕಲ್ಲ, ಮಗು."

ಈಚಣ್ಣ ಅಲ್ಲೇ ಕೂತು ಸಾವಿರದ ಆಚೆಗೆ ಭಾಗಿಸತೊಡಗಿದ. ಸಾವಿರದ ಒಂಬತ್ತಕ್ಕೆ ಬಂದಾಗ ಶೇಷ ಉಳಿಯಲಿಲ್ಲ. ಸಾವಿರದ ಒಂಬತ್ತು, ಸಾವಿರದ ಹದಿಮೂರು ಎಂದು ಅವನ ಸಂಖ್ಯೆ ಎರಡಾಗಿ ಬಿದ್ದಿತ್ತು.

ಅಳಿಸಲು ಕೈ ಚಾಚಿದ. ಗುರುಗಳು ಆ ಕೈ ಹಿಡಿದುಕೊಂಡರು.

"ಒಡಕು ಮಡಕೆ ತಂದುಬಿಟ್ಟೆ," ಎಂದ ಈಚಣ್ಣ. ಅವನಿಗೆ ಅಳು ಬಂದಿತ್ತು. "ಇನ್ನೊಂದು ವರ್ಷ ಇಲ್ಲೇ ಇರುತ್ತೇನೆ."

"ಮೊದಲು ಈ ಎರಡನ್ನು ಒಡೆದು ನೋಡು."

ಅವನು ಮತ್ತೆ ಕೂತ. ಈ ಸಲ ಅವಸರ ಮಾಡಲಿಲ್ಲ, ನಡುವೆ ನಿಲ್ಲಿಸಲೂ ಇಲ್ಲ. ಎಷ್ಟು ಬೇಕೋ ಅಷ್ಟು ದೂರ ಹೋಗಿ ನೋಡಿದ. ಎರಡೂ ಒಡೆಯಲಿಲ್ಲ.

ಬೊಮ್ಮರಸರ ಕಣ್ಣು ತೇವವಾಯಿತು. "ಇಲ್ಲಿಂದ ಹೋದವರೆಲ್ಲ ಒಂದೊಂದು ಕೊಟ್ಟು ಬರಿಗೈಯಲ್ಲಿ ಹೋದರು. ನೀನು ಎರಡು ತಂದೆ. ದೊಡ್ಡದು ನನಗಿರಲಿ, ತುಂಬಾ ಸಂತೋಷವಾಯಿತು. ಸಾವಿರದ ಒಂಬತ್ತನ್ನು ನೀನು ಊರಿಗೆ ಒಯ್ಯಿ."

"ಆದರೆ ಗುರುಗಳೇ, ನಾನು ತಪ್ಪಿದೆನಲ್ಲ. ನನಗೆ ಕಲಿಸುವ ಅಪ್ಪಣೆಯೇ?"

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ನಿನ್ನ ಮಕ್ಕಳೂ ಒಂದು ದಿನ ಸಾವಿರಕ್ಕೇ ಸುಸ್ತಾಗಿ ಕೂರುತ್ತಾರೆ. ಆಗ ಬೈಯಬೇಡ. ಉಳಿದ ಒಂಬತ್ತು ಹೆಜ್ಜೆ ಅವರ ಜೊತೆಗೆ ನಡೆ."