ಹಾಲಿನ ಬಣ್ಣದ ಕ್ಯಾನು

"ಕಣ್ಣಾರೆ ಕಂಡೆ ಅಂತ ಯಾರಾದರೂ ಹೇಳಿದರೆ ಅದೂ ಸುಳ್ಳಾಗಬಹುದಾ, ಅಜ್ಜಿ?"

ನನ್ನ ಹತ್ತಿರ ಹಪ್ಪಳ ಒತ್ತುವುದನ್ನು ಕಲಿಯಲು ಬರುವ ಸುನೇತ್ರ ಕೇಳಿದಳು. ಅವಳ ಗಂಡನ ಸ್ಕೂಟರಿನ ಹಿಂದೆ ಒಬ್ಬ ಹುಡುಗಿ ಕೂತಿದ್ದಳು ಅಂತ ಯಾರೋ ಕಂಡವರು ಹೇಳಿದ್ದರು. ಸಂಜೆ ಬಸ್ಸಿಗೆ ತವರಿಗೆ ಹೊರಡಲು ಬ್ಯಾಗು ತುಂಬಿಟ್ಟು ಬಂದಿದ್ದಳು. ಗಂಡನನ್ನು ಕೇಳಿದೆಯಾ ಅಂದರೆ, ಕೇಳುವುದೇನಿದೆ ಅಂದಳು.

ನಾನು ದನಿ ಇಳಿಸಿದೆ. ಬಾಗಿಲು ಮುಂದೆ ಮಾಡು, ಇದು ನಿನ್ನ ಹೊಟ್ಟೆಯಲ್ಲೇ ಇರಬೇಕು, ಹೊರಗೆ ಬಿತ್ತೋ ನಾಳೆಯಿಂದ ಈ ಮಣೆ ಮುಟ್ಟಬೇಡ ಎಂದು ಆಣೆ ಹಾಕಿಸಿಕೊಂಡ ಮೇಲೆ ಹೇಳಿದೆ.

ಯಂತ್ರದಲ್ಲಿ ಕಬ್ಬಿಣ ಕಡೆಯುವ ಲೇತ್ ಕೆಲಸದವನೊಬ್ಬನಿದ್ದ. ಕೈ ಚುರುಕು, ಬಾಯಿ ಇಲ್ಲ. ಮದುವೆಯಾಗಿ ಆರು ತಿಂಗಳಾದರೂ ಹೆಂಡತಿಯೊಡನೆ ಆಡಿದ ಮಾತು ಬೆರಳೆಣಿಕೆ. ದಿನಾ ಬೆಳಿಗ್ಗೆ ಹಾಲಿನ ಕ್ಯಾನೊಂದನ್ನು ಸೈಕಲ್ಲಿಗೆ ತಗುಲಿಸಿಕೊಂಡು ಕೆಲಸದ ಶೆಡ್ಡಿಗೆ ಹೋಗುತ್ತಿದ್ದ. ಬೀದಿ ಕೊನೆಯ ನಲ್ಲಿ ದಾಟಿದ ಮೇಲೆ ಅದರಿಂದ ಬೆಳ್ಳಗೆ ತೊಟ್ಟಿಕ್ಕುತ್ತಿತ್ತು.

ಎದುರುಮನೆಯಲ್ಲಿ ಒಬ್ಬ ಮುದುಕಿ. ಕಿಟಕಿ ಬಿಟ್ಟು ಬೇರೆ ಕಸುಬಿಲ್ಲ. ಅವನ ಮನೆಗೆ ಬರುವುದು ಅರ್ಧ ಲೀಟರ್ ಪ್ಯಾಕೆಟ್ಟು ಅಂತ ಅವಳಿಗೆ ಗೊತ್ತು. ಶೆಡ್ಡಿನ ಹಿಂದಿನ ಮನೆಸಾಲಿನಲ್ಲಿ ಗಂಡನ ಸುಳಿವಿಲ್ಲದ ಬಾಣಂತಿಯೊಬ್ಬಳು ಇರುವುದೂ ಗೊತ್ತು. ಇನ್ನೇನು ಬೇಕು. ಒಂದೇ ವಾರದಲ್ಲಿ ಬೀದಿಗೆಲ್ಲ ಹಂಚಿ, ಕೊನೆಗೆ ಹೆಂಡತಿಗೂ ಬಡಿಸಿದಳು. ಐದು ಲೀಟರ್ ಹಾಲು, ಈ ಕಣ್ಣಲ್ಲೇ ಕಂಡೆ ಎಂದಳು. ಮಗುವಿನ ಮೂಗು ಅವನದೇ ಎಂದೂ ಸೇರಿಸಿದಳು. ಮಗುವನ್ನು ಅವಳು ನೋಡಿರಲಿಲ್ಲ.

ಹೆಂಡತಿ ಮೂರು ದಿನ ನೀರು ಕುಡಿದು ಕಳೆದಳು. ನಾಲ್ಕನೆಯ ದಿನ ಟ್ರಂಕು ತುಂಬಿಟ್ಟಳು. ಹೋಗುವ ಮೊದಲು ಕೇಳಿಯೇಬಿಡೋಣವೆಂದು ಶೆಡ್ಡಿಗೆ ನಡೆದಳು.

ಅಲ್ಲಿ ಲೇತು ತಿರುಗುತ್ತಿತ್ತು. ಗಂಡ ಕ್ಯಾನನ್ನು ಎತ್ತಿ ಮೇಲಿನ ಡಬ್ಬಿಗೆ ಬಗ್ಗಿಸಿದ. ಡಬ್ಬಿಯ ಸಣ್ಣ ನಳಿಕೆಯಿಂದ ಆ ಬಿಳಿ ನೀರು ಕಬ್ಬಿಣ ಕಡೆಯುವ ಟೂಲಿನ ತುದಿಗೆ ಬೀಳತೊಡಗಿತು. ಹಾಲಲ್ಲ ಮಗಳೇ, ಕೂಲಂಟು. ಟೂಲು ಕಾಯದಿರಲೆಂದು ನೀರಿಗೆ ಎಣ್ಣೆ ಬೆರೆಸಿದ್ದು. ಶೆಡ್ಡಿನ ಬೋರ್‌ವೆಲ್ ನೀರು ಗಡುಸು, ಎಣ್ಣೆ ಒಡೆದು ಮೇಲೆ ತೇಲುತ್ತದೆ. ಅದಕ್ಕೇ ಬೀದಿ ನಲ್ಲಿಯ ಹೊಳೆನೀರು ಹಿಡಿದು ಅಲ್ಲೇ ಬೆರೆಸಿಕೊಂಡು ಹೋಗುತ್ತಿದ್ದ.

ಬೈಯಲು ಬಂದವಳು ಆ ಬಿಳಿ ನೀರನ್ನೇ ಬಗ್ಗಿ ನೋಡಿದಳು. ಟೂಲು ಇನ್ನೂ ಕಬ್ಬಿಣಕ್ಕೆ ತಾಗಿಯೇ ಇಲ್ಲ, ಈಗಲೇ ಯಾಕೆ ಬಿಡುತ್ತೀರಿ ಎಂದು ಕೇಳಿದಳು.

"ಕಾದು ಕೆಂಪಾದ ಮೇಲೆ ಹುಯ್ದರೆ ತುದಿ ಬಿರಿಯುತ್ತೆ," ಅಂದ. "ಮೊದಲಿಂದಲೂ ಸಣ್ಣಗೆ ಬೀಳ್ತಾ ಇರಬೇಕು."

"ಈ ಉಪಚಾರ ಟೂಲಿಗೆ ಮಾತ್ರವಾ?"

ಅವನು ಲೇತು ನಿಲ್ಲಿಸಿದ. ಸ್ಟೂಲನ್ನು ಬಟ್ಟೆಯಿಂದ ಎರಡು ಸಲ ಒರೆಸಿ ಅವಳನ್ನು ಕೂರಿಸಿದ. ಆರು ತಿಂಗಳ ಮಾತನ್ನೆಲ್ಲ ಅಲ್ಲೇ ಆಡಿದನಂತೆ. ಅವತ್ತಿನಿಂದ ದಿನಾ ಹೊರಡುವಾಗ, ಶೆಡ್ಡಿಗೆ ಹೋಗಿ ಬರ್ತೀನಿ ಕಣೇ, ಅಂತ ಹೊಸ್ತಿಲಲ್ಲಿ ನಿಂತು ಹೇಳಿಯೇ ಹೋಗುತ್ತಾನೆ. ಬೇರೆಲ್ಲಿಗೂ ಹೋಗುವವನಲ್ಲ, ಆದರೂ ಹೇಳುತ್ತಾನೆ. ಆದರೆ ಸ್ಟೂಲಿನ ಮೇಲೆ ಕೂರಿಸಿ ಏನೇನು ಹೇಳಿದ ಅನ್ನುವುದು ಮಾತ್ರ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆ ಒಂದು ಸಂಕಟ ಉಳಿದುಬಿಟ್ಟಿದೆ.

ಸುನೇತ್ರ ಒತ್ತುತ್ತಿದ್ದ ಹಪ್ಪಳವನ್ನು ಹಾಗೇ ಬಿಟ್ಟಳು. ಎದುರುಮನೆಯ ಮುದುಕಿ ಯಾರೆಂದು ಅವಳಿಗೆ ಹೊಳೆದಿತ್ತು. ಆ ಹೆಂಡತಿ ಆಮೇಲೆ ನಿಮ್ಮನ್ನು ಏನೂ ಅನ್ನಲಿಲ್ಲವಾ ಎಂದು ಮೆಲ್ಲಗೆ ಕೇಳಿದಳು.

ಅನ್ನದೆ ಬಿಡುತ್ತಾಳೆಯೇ. ಅವತ್ತೇ ಸಂಜೆ ನನ್ನ ಜಗಲಿ ಹತ್ತಿ ಬಂದಳು. ಬೈಯಲಿಲ್ಲ, ಕೂಗಲಿಲ್ಲ. ಖಾಲಿ ಕ್ಯಾನನ್ನು ನನ್ನ ಮುಂದಿಟ್ಟು, ಮುಖ ನೋಡಿಯೇ ಅಂದಳು: "ಮುಚ್ಚಳ ತೆಗೆದು ಮೂಸಿ ನೋಡೋಕೆ ನಿಮಗೆ ಒಂದು ಗಳಿಗೆ ಸಾಕಿತ್ತಲ್ಲ ಅಜ್ಜಿ, ನನಗೆ ಮೂರು ದಿನ ಅನ್ನ ಸೇರಲಿಲ್ಲ."